ಅಟ್ಟದ ಕ್ಯಾಸೆಟ್‌ನಿಂದ ತಾಳಮದ್ದಳೆಯನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಹೇಗೆ?

ಕಾಸರಗೋಡು ಜಿಲ್ಲೆಯ ಕುಂಬಳೆ, ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ಹಳೆ ಮನೆಗಳ ಅಟ್ಟದಲ್ಲಿ ಕ್ಯಾಸೆಟ್ ತುಂಬಿದ ಪೆಟ್ಟಿಗೆಗಳು ಈಗಲೂ ಇವೆ. ಸಿನಿಮಾ ಹಾಡಿನದು ಹೋದರೆ ಹೋಗಲಿ, ಬೇರೆಲ್ಲಾದರೂ ಸಿಗುತ್ತದೆ. ಆದರೆ ಚಾವಡಿಯಲ್ಲಿ ನಡೆದ ತಾಳಮದ್ದಳೆಯನ್ನು (ವೇಷ, ಕುಣಿತವಿಲ್ಲದೆ ಕುಳಿತು ನಡೆಸುವ ಯಕ್ಷಗಾನ) ಟೇಪ್‌ರೆಕಾರ್ಡರ್ ಇಟ್ಟು ಹಿಡಿದದ್ದಿದ್ದರೆ ಅದನ್ನು ಖಂಡಿತ ಎಸೆಯಬೇಡಿ. ಅದೇ ವಾಲಿವಧೆ, ಪಾತ್ರದ ಮಾತು ಹೇಳುವ ಅದೇ ಅರ್ಥಧಾರಿ, ಆದರೂ ಎರಡು ಕೂಟಗಳಲ್ಲಿ ಒಂದೇ ಮಾತು ಬರುವುದಿಲ್ಲ. ಆ ರಾತ್ರಿಯ ಮಾತು ಉಳಿದಿರುವುದು ನಿಮ್ಮ ಅಟ್ಟದಲ್ಲಿ ಮಾತ್ರ ಇರಬಹುದು.

ಮಳೆಗಾಲ ಈ ಕೆಲಸಕ್ಕೆ ಹೇಳಿದ್ದಲ್ಲ. ಜನವರಿಯಿಂದ ಮಾರ್ಚ್‌ವರೆಗಿನ ಒಣ ದಿನಗಳೇ ಸರಿ. ಮೊದಲು ಕ್ಯಾಸೆಟ್‌ನ ಬೆನ್ನಿನ ಅಂಚಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ಕಿವಿಗಳನ್ನು ಮುರಿಯಿರಿ. ಆಮೇಲೆ ಅಪ್ಪಿತಪ್ಪಿ ರೆಕಾರ್ಡ್ ಗುಂಡಿ ಒತ್ತಲು ಹೋದರೂ ಹಳೆಯದು ಅಳಿಯುವುದಿಲ್ಲ.

ಸುರುಳಿಯ ಅಂಚಿನಲ್ಲಿ ಬಿಳಿ ಹುಡಿ ಕಂಡರೆ ಅದು ಬೂಷ್ಟು. ಹಾಗೆಯೇ ಪ್ಲೇಯರ್‌ಗೆ ಹಾಕಿದರೆ ಹುಡಿ ಟೇಪನ್ನು ಓದುವ ಹೆಡ್‌ಗೆ ಮೆತ್ತಿ ಮುಂದಿನ ಕ್ಯಾಸೆಟ್‌ಗೂ ದಾಟುತ್ತದೆ. ಮಾಸ್ಕ್ ಹಾಕಿಕೊಂಡು ಜಗಲಿಯಲ್ಲಿ ಕುಳಿತು ತಿರುಪುಗಳನ್ನು ಬಿಚ್ಚಿ. ಟೇಪ್ ಯಾವ ದಾರಿಯಲ್ಲಿ ಹಾದುಹೋಗಿದೆ ಎಂದು ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಂಡು, ಒಣ ಮೆತ್ತನೆಯ ಬಟ್ಟೆಯಿಂದ ಹಗುರವಾಗಿ ಒರೆಸಿ. ತುಂಡಾದ ಟೇಪಿಗೆ ಸಾಮಾನ್ಯ ಸೆಲ್ಲೋಟೇಪ್ ಬೇಡ. ಅದರ ಅಂಟು ಕ್ರಮೇಣ ಒಸರುತ್ತದೆ. ಟೇಪ್ ಜೋಡಿಸಲೆಂದೇ ಇರುವ ಸ್ಪ್ಲೈಸಿಂಗ್ ಟೇಪನ್ನೇ ತರಿಸಿಕೊಳ್ಳಿ. ನುಡಿಸುವ ಮೊದಲು ಒಮ್ಮೆ ಕೊನೆಯವರೆಗೆ ಓಡಿಸಿ, ಹಿಂದಕ್ಕೆ ಸುತ್ತಿ.

ಪ್ಲೇಯರ್‌ನ ರಬ್ಬರ್ ಬೆಲ್ಟ್ ಸಡಿಲಾಗಿದ್ದರೆ ಭಾಗವತರ ಸ್ವರ ಓಲಾಡುತ್ತದೆ. ಬೆಲ್ಟ್ ಬದಲಿಸಿ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ.

ಇಷ್ಟಾದರೂ ದನಿ ಮಂಕಾಗಿದ್ದರೆ ಅವಸರದಿಂದ ಟೇಪ್ ಹಾಳಾಯಿತೆಂದು ತೀರ್ಮಾನಿಸಬೇಡಿ. ಹೆಚ್ಚಿನವರು ಕೈಬಿಡುವುದು ಇಲ್ಲಿಯೇ. ಅಂದು ಮುದ್ರಿಸಿದ ಯಂತ್ರದ ಹೆಡ್ ತುಸು ಓರೆಯಾಗಿದ್ದರೆ ನಿಮ್ಮ ಯಂತ್ರದ್ದೂ ಅಷ್ಟೇ ಓರೆಯಾಗಬೇಕು. ಹೆಡ್‌ನ ಪಕ್ಕದಲ್ಲಿ ಸ್ಪ್ರಿಂಗ್ ಸಿಕ್ಕಿಸಿದ ಪುಟ್ಟ ತಿರುಪಿದೆ. ಅದರ ಮೂಲ ಸ್ಥಾನವನ್ನು ಉಗುರುಬಣ್ಣದಿಂದ ಗುರುತಿಸಿ, ಕ್ಯಾಸೆಟ್ ಓಡುತ್ತಿರುವಾಗಲೇ ಕೂದಲೆಳೆಯಷ್ಟು ತಿರುಗಿಸಿ. ಮಾತನ್ನಲ್ಲ, ಚಕ್ರತಾಳವನ್ನು ಕೇಳಿ. ಅದರ ಕಿಣಿಕಿಣಿ ಬಿಡಿಬಿಡಿಯಾಗಿ ಕಿವಿಗೆ ಬಿದ್ದಲ್ಲಿ ನಿಲ್ಲಿಸಿ. ಪ್ರತಿ ಕ್ಯಾಸೆಟ್‌ಗೂ ಹೀಗೆ ಮಾಡಬೇಕು.

ಸ್ಪೀಕರ್ ಎದುರು ಮೊಬೈಲ್ ಹಿಡಿದು ಮುದ್ರಿಸಿದರೆ ಫ್ಯಾನಿನ ಸದ್ದೂ ಸೇರಿಕೊಳ್ಳುತ್ತದೆ. ಹೆಡ್‌ಫೋನ್ ಕಿಂಡಿಯಿಂದ ಕೇಬಲ್ ಎಳೆದು, ಲೈನ್-ಇನ್ ಇರುವ ಯುಎಸ್‌ಬಿ ಅಡಾಪ್ಟರ್ ಮೂಲಕ ಕಂಪ್ಯೂಟರಿಗೆ ಜೋಡಿಸಿ. ಮುದ್ರಿಸಲು ಉಚಿತವಾಗಿ ಸಿಗುವ ಅಡಾಸಿಟಿ ತಂತ್ರಾಂಶ ಸಾಕು. ಚೆಂಡೆಯ ಜೋರಿನ ಪೆಟ್ಟಿಗೂ ಮಟ್ಟ ಮೈನಸ್ 6 ಡೆಸಿಬಲ್ ದಾಟದಿರಲಿ. ವೇವ್ (WAV) ಕಡತವಾಗಿಯೇ ಉಳಿಸಿ. 90 ನಿಮಿಷದ ಕ್ಯಾಸೆಟ್‌ಗೆ ಸುಮಾರು 900 ಎಂಬಿ ಬೇಕು. ಸದ್ದು ಕಳೆಯುವ ಸಲಕರಣೆಗಳನ್ನು ಮೂಲ ಪ್ರತಿಯ ಮೇಲೆ ಪ್ರಯೋಗಿಸಬೇಡಿ.

ಹೊದಿಕೆಯ ಮೇಲೆ ‘ವಾಲಿವಧೆ, ಶೇಣಿ’ (ಅಂದರೆ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು) ಎಂದಷ್ಟೇ ಬರೆದಿರುತ್ತದೆ. ಎದುರು ಅರ್ಥ ಹೇಳಿದವರು, ಭಾಗವತರು, ಜಾಗ, ವರ್ಷ ಇವುಗಳನ್ನೆಲ್ಲ ಊರಿನ ಹಿರಿಯರಿಗೆ ಕೇಳಿಸಿ ಗುರುತಿಸಿಕೊಳ್ಳಿ. ಈ ಕೆಲಸವನ್ನು ಮುಂದೂಡಬೇಡಿ. ಪ್ರತಿಗಳು ಎರಡು ಮನೆಗಳಲ್ಲಿರಲಿ. ಕ್ಯಾಸೆಟ್ಟನ್ನೂ ಇಟ್ಟುಕೊಳ್ಳಿ: ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿ, ನೇರ ನಿಲ್ಲಿಸಿ, ಸ್ಪೀಕರ್‌ನಿಂದ ದೂರ.