ಅರ್ಥವಾಯಿತೋ, ಅರ್ಥವಾದಂತೆ ಅನಿಸಿತೋ? ವಿಜ್ಞಾನ ಪುಸ್ತಕವನ್ನು ಪರೀಕ್ಷಿಸುವ ಬಗೆ

ಜನಪ್ರಿಯ ವಿಜ್ಞಾನದ ಪುಸ್ತಕ ಸಲೀಸಾಗಿ ಓದಿಸಿಕೊಂಡು ಹೋಯಿತು ಎಂದ ಮಾತ್ರಕ್ಕೆ ವಿಷಯ ತಲೆಗೆ ಹತ್ತಿದೆ ಎನ್ನಲಾಗದು. 2002ರಲ್ಲಿ ರೋಜನ್‌ಬ್ಲಿಟ್ ಮತ್ತು ಕೈಲ್ ಎಂಬ ಅಮೆರಿಕದ ಮನೋವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ಜಿಪ್ಪು, ಕಕ್ಕಸಿನ ಫ್ಲಶ್ ಮುಂತಾದವು ಹೇಗೆ ಕೆಲಸ ಮಾಡುತ್ತವೆ ಎಂಬುದು ತಮಗೆಷ್ಟು ಗೊತ್ತು ಎಂದು ಜನರೇ ಅಂಕ ಹಾಕಿಕೊಂಡರು. ಆಮೇಲೆ ಅದನ್ನೇ ಹಂತಹಂತವಾಗಿ ವಿವರಿಸಿ ಬರೆಯಬೇಕಾಯಿತು. ಬರೆದ ಮೇಲೆ ಅದೇ ಜನ ತಮಗೆ ಕೊಟ್ಟುಕೊಂಡ ಅಂಕ ಇಳಿಯಿತು. ಪುಸ್ತಕವನ್ನು ಅಳೆಯುವುದಕ್ಕೂ ಇದೇ ದಾರಿ. ಒಂದು ಗಂಟೆ ಬಿಡುವು, ಒಂದು ಪೆನ್ಸಿಲ್, ಎರಡು ಹಾಳೆ ಇದ್ದರೆ ಸಾಕು.

ಗೊತ್ತಿರುವ ಕಡೆಯಿಂದ ಶುರು ಮಾಡಿ

ಮೊದಲ ಅಧ್ಯಾಯ ತೆರೆಯಬೇಡಿ. ಹೆಚ್ಚಿನ ಪುಸ್ತಕಗಳಲ್ಲಿ ತುಂಬ ತಿದ್ದಿ ತೀಡಿರುವ ಭಾಗ ಅದೇ. ಪದಸೂಚಿ ನೋಡಿ, ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ವಿಷಯ ಹುಡುಕಿ. ನರ್ಸ್ ಆಗಿದ್ದರೆ ಲಸಿಕೆ, ಕೃಷಿಕರಾಗಿದ್ದರೆ ಸಾರಜನಕ, ವೈರಿಂಗ್ ಕೆಲಸದವರಾಗಿದ್ದರೆ ವಿದ್ಯುತ್ತು. ಆ ಮೂರು ಪುಟಗಳಲ್ಲಿ ತಪ್ಪು ಸಿಕ್ಕರೆ, ಗೊತ್ತಿಲ್ಲದ ಮುನ್ನೂರು ಪುಟಗಳನ್ನು ನಂಬುವುದಕ್ಕೆ ಆಧಾರವೇ ಇರುವುದಿಲ್ಲ.

ಹೋಲಿಕೆಯನ್ನು ಬಿಚ್ಚಿ ನೋಡಿ

ಹೆಚ್ಚು ಹೊತ್ತು ಇಲ್ಲೇ ಕಳೆಯಿರಿ. ಕಷ್ಟದ ವಿಷಯವನ್ನು ಸಾಮಾನ್ಯ ಓದುಗರಿಗೆ ದಾಟಿಸುವ ಸೇತುವೆ ಹೋಲಿಕೆಯೇ, ಮುರಿದು ಬೀಳುವ ಜಾಗವೂ ಅದೇ. ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ಹೋಲಿಕೆಯಲ್ಲಿರುವ ವಸ್ತು, ಬಲಕ್ಕೆ ಅದು ಯಾವುದರ ಬದಲಿಗೆ ನಿಂತಿದೆ ಎಂಬುದನ್ನು ಬರೆಯಿರಿ.

ಗುರುತ್ವಾಕರ್ಷಣೆಗೆ ಎಲ್ಲರೂ ಕೊಡುವ ರಬ್ಬರ್ ಹಾಳೆಯನ್ನೇ ತೆಗೆದುಕೊಳ್ಳಿ: ಎಳೆದು ಕಟ್ಟಿದ ಹಾಳೆಯ ನಡುವೆ ಭಾರದ ಗುಂಡು ಇಟ್ಟರೆ ಹಾಳೆ ಜಗ್ಗುತ್ತದೆ, ಪಕ್ಕದಲ್ಲಿ ಬಿಟ್ಟ ಗೋಲಿ ಅದರ ಸುತ್ತ ಉರುಳುತ್ತದೆ. ಭಾರದ ಗುಂಡು ಎಂದರೆ ಸೂರ್ಯ, ಗೋಲಿ ಎಂದರೆ ಗ್ರಹ, ಜಗ್ಗಿದ ಹಾಳೆ ಎಂದರೆ ಬಾಗಿದ ದೇಶಕಾಲ (ಜಾಗ ಮತ್ತು ಕಾಲ ಒಂದಾಗಿ ಹೆಣೆದ ಹಂದರ). ಈಗ ಕೇಳಿ: ಗುಂಡು ಹಾಳೆಯನ್ನು ಜಗ್ಗಿಸಿದ್ದು ಯಾವುದರಿಂದ? ಕೆಳಗಿರುವ ಭೂಮಿಯ ಸೆಳೆತದಿಂದ. ಅಂದರೆ ಗುರುತ್ವವನ್ನು ವಿವರಿಸಲು ಗುರುತ್ವವನ್ನೇ ಕರೆತಂದಂತಾಯಿತು. ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಹಾಳೆಯಲ್ಲಿ ಕಾಲವೇ ಕಾಣುವುದಿಲ್ಲ. ಆದರೆ ಮರದಿಂದ ಹಣ್ಣು ಬೀಳುವುದರಲ್ಲಿ ಮುಖ್ಯ ಪಾತ್ರ ಕಾಲದ ಬಾಗುವಿಕೆಯದ್ದು: ನೆಲದ ಹತ್ತಿರ ಗಡಿಯಾರ ನಿಧಾನ, ಮೇಲೆ ಹೋದಂತೆ ವೇಗ. ಇದು ಬರೀ ಲೆಕ್ಕದ ಮಾತಲ್ಲ. ಜಿಪಿಎಸ್ ಉಪಗ್ರಹದ ಗಡಿಯಾರ ಎತ್ತರದ ಕಾರಣಕ್ಕೆ ದಿನಕ್ಕೆ ಸುಮಾರು 45 ಮೈಕ್ರೋಸೆಕೆಂಡು (ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗವೇ ಮೈಕ್ರೋಸೆಕೆಂಡು) ಮುಂದೋಡುತ್ತದೆ, ತನ್ನ ವೇಗದ ಕಾರಣಕ್ಕೆ 7 ಹಿಂದೆ ಬೀಳುತ್ತದೆ. ಉಳಿಯುವ 38 ಮೈಕ್ರೋಸೆಕೆಂಡಿನಲ್ಲಿ ಬೆಳಕು 11 ಕಿಲೋಮೀಟರಿಗೂ ಹೆಚ್ಚು ದೂರ ಹೋಗುವುದರಿಂದ, ಇದನ್ನು ಸರಿಪಡಿಸದೆ ಬಿಟ್ಟರೆ ದೂರದ ಲೆಕ್ಕವೇ ಕೆಡುತ್ತದೆ.

ಹಾಗೆಂದು ರಬ್ಬರ್ ಹಾಳೆ ಬಳಸಿದ ಪುಸ್ತಕ ಕೆಟ್ಟದ್ದಲ್ಲ. ಅದು ಎಲ್ಲಿಯವರೆಗೆ ಸರಿ, ಎಲ್ಲಿ ಕೈಬಿಡಬೇಕು ಎಂದು ಲೇಖಕರು ಒಂದು ವಾಕ್ಯದಲ್ಲಾದರೂ ಹೇಳಿದ್ದಾರೆಯೇ ನೋಡಿ. ಪರಮಾಣು ಪುಟ್ಟ ಸೌರಮಂಡಲ ಎನ್ನುವಲ್ಲಿಯೂ ಅಷ್ಟೆ. ಎಲೆಕ್ಟ್ರಾನು ಗ್ರಹದಂತೆ ಸುತ್ತಿದ್ದರೆ ಶಕ್ತಿ ಸೋರಿ ಕ್ಷಣದೊಳಗೆ ನ್ಯೂಕ್ಲಿಯಸ್ಸಿಗೆ ಬೀಳಬೇಕಿತ್ತು. ಆ ತೊಡಕನ್ನು ಎತ್ತಿಕೊಂಡು ಮುಂದೆ ಹೋದ ಪುಸ್ತಕ ಓದುಗರನ್ನು ಗೌರವಿಸುತ್ತದೆ.

ಅಂಕಿಗಳ ಬೆನ್ನು ಹತ್ತಿ

ಆರೋಗ್ಯದ ಪುಸ್ತಕದಲ್ಲಿ "ಅಪಾಯ 18% ಹೆಚ್ಚು" ಎಂದಿದ್ದರೆ, ಯಾವುದಕ್ಕಿಂತ ಹೆಚ್ಚು ಎಂದು ಹುಡುಕಿ. ದಿನಕ್ಕೆ 50 ಗ್ರಾಂ ಸಂಸ್ಕರಿತ ಮಾಂಸ ತಿನ್ನುವುದಕ್ಕೂ ದೊಡ್ಡ ಕರುಳಿನ ಕ್ಯಾನ್ಸರಿಗೂ 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕೊಟ್ಟ ಅಂಕಿ ಇದು. ಮೊದಲು 100 ಜನರಲ್ಲಿ 5 ಮಂದಿಗೆ ಬರುತ್ತಿತ್ತು ಎಂದುಕೊಂಡರೆ, ಈಗ 6ರ ಹತ್ತಿರ ಆಯಿತು, ಅಷ್ಟೆ. ಮೂಲ ಅಂಕಿ ಕೊಡದ ಪುಸ್ತಕ ತಿಳಿಸುವುದಕ್ಕಿಂತ ಹೆದರಿಸುವುದೇ ಹೆಚ್ಚು.

ಅನುವಾದಗಳಲ್ಲಿ ಬಿಲಿಯನ್ನನ್ನು ಎಣಿಸಿ ನೋಡಲೇಬೇಕು. ಒಂದು ಬಿಲಿಯನ್ ಎಂದರೆ 100 ಕೋಟಿ. ವಿಶ್ವದ ವಯಸ್ಸು 1,380 ಕೋಟಿ ವರ್ಷ ಎಂದಿರಬೇಕು, 138 ಕೋಟಿ ಎಂದಿದ್ದರೆ ಒಂದು ಸೊನ್ನೆ ಬಿದ್ದುಹೋಗಿದೆ. ಬಲ, ಶಕ್ತಿ, ಸಾಮರ್ಥ್ಯ ಎಂಬ ಮೂರು ಪದಗಳನ್ನೂ ಗಮನಿಸಿ. ಆಡುಮಾತಿನಲ್ಲಿ ಮೂರೂ ಒಂದೇ, ಭೌತಶಾಸ್ತ್ರದಲ್ಲಿ ಮೂರೂ ಬೇರೆ. ಒಂದೇ ಪುಟದಲ್ಲಿ ಅದಲುಬದಲಾದರೆ ವಾದದ ಎಳೆ ತಪ್ಪುತ್ತದೆ, ಓದುಗರು ತಮ್ಮದೇ ದಡ್ಡತನ ಎಂದುಕೊಂಡು ಪುಸ್ತಕ ಮುಚ್ಚಿಡುತ್ತಾರೆ.

ಹೇಗೆ ಗೊತ್ತಾಯಿತು?

ಮುಖ್ಯ ಸಂಗತಿ ಬಂದಲ್ಲೆಲ್ಲ ಅಂಚಿನಲ್ಲಿ ಈ ಪ್ರಶ್ನೆ ಬರೆಯಿರಿ. ಭೂಮಿಯ ಸುತ್ತಳತೆಯನ್ನು ಪ್ರಾಚೀನ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಕಂಡುಹಿಡಿದ ಎಂದರೆ ಅದು ಬರೀ ಸುದ್ದಿ. ಈಜಿಪ್ಟಿನ ದಕ್ಷಿಣದ ಸಯೀನ್ ಎಂಬ ಊರಿನಲ್ಲಿ ಸೂರ್ಯ ನೆತ್ತಿಯ ಮೇಲಿದ್ದ ಮಧ್ಯಾಹ್ನ, ಉತ್ತರದ ಅಲೆಕ್ಸಾಂಡ್ರಿಯದಲ್ಲಿ ನೆರಳಿನ ಕೋನ ವೃತ್ತದ 50ನೆಯ ಒಂದು ಭಾಗ, ಆದ್ದರಿಂದ ಎರಡು ಊರುಗಳ ನಡುವಿನ ದೂರದ 50 ಪಟ್ಟು ಭೂಮಿಯ ಸುತ್ತಳತೆ ಎಂದರೆ ವಿವರಣೆ. ಸೂರ್ಯನ ಕಿರಣಗಳು ಸಮಾನಾಂತರವಾಗಿ ಬರುತ್ತವೆ ಎಂದು ಅವನು ಇಟ್ಟುಕೊಂಡಿದ್ದನ್ನೂ ಹೇಳಿದರೆ ಒಳ್ಳೆಯ ವಿವರಣೆ.

ಪ್ರಕಟವಾದ ವರ್ಷ ನೋಡಲು ಒಂದು ನಿಮಿಷ ಸಾಕು. 1990ರ ದಶಕದ ಪುಸ್ತಕಗಳಲ್ಲಿ ಮನುಷ್ಯನ ಜೀನುಗಳು 1 ಲಕ್ಷ ಎಂದಿರಬಹುದು, ಈಗಿನ ಲೆಕ್ಕ ಸುಮಾರು 20,000. ಮನೋವಿಜ್ಞಾನದಲ್ಲಿ ಇನ್ನೂ ಎಚ್ಚರ ಬೇಕು: 2015ರಲ್ಲಿ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ ಆಕಸ್ಮಿಕ ಎಂದು ತಳ್ಳಿಹಾಕಲಾಗದಂಥ ಫಲಿತಾಂಶ ಮರಳಿ ಸಿಕ್ಕಿದ್ದು ಮೂರರಲ್ಲೊಂದಕ್ಕಿಂತ ತುಸು ಹೆಚ್ಚು ಕಡೆ ಮಾತ್ರ.

ಪುಸ್ತಕ ಮುಚ್ಚಿ ಬರೆಯಿರಿ

ಒಂದು ಅಧ್ಯಾಯ ಮುಗಿದ ಮೇಲೆ, ಅದರ ಪಾರಿಭಾಷಿಕ ಪದ ಬಳಸದೆ ಐದು ವಾಕ್ಯ ಬರೆಯಿರಿ. ಬಳಿಕ ಪುಸ್ತಕದಲ್ಲಿಲ್ಲದ ಒಂದು ಪ್ರಶ್ನೆ ಹಾಕಿಕೊಳ್ಳಿ. ಚಂದ್ರ ನೀರನ್ನು ಸೆಳೆಯುವುದರಿಂದ ಉಬ್ಬರ ಎಂದು ಓದಿದ್ದೀರಿ; ಹಾಗಾದರೆ ಮಲ್ಪೆಯ ಕಡಲಲ್ಲಿ ದಿನಕ್ಕೆ ಎರಡು ಸಲ ಉಬ್ಬರ ಬರುವುದೇಕೆ? ಚಂದ್ರನಿಗೆ ಎದುರಾದ ಬದಿಯಲ್ಲಿ ಸೆಳೆತ ಭೂಮಿಯ ಕೇಂದ್ರಕ್ಕಿಂತ ಹೆಚ್ಚು, ಆಚೆ ಬದಿಯಲ್ಲಿ ಕೇಂದ್ರಕ್ಕಿಂತ ಕಡಿಮೆ. ಈ ವ್ಯತ್ಯಾಸದಿಂದ ಎರಡೂ ಕಡೆ ನೀರು ಉಬ್ಬುತ್ತದೆ ಎಂಬಲ್ಲಿಗೆ ತಲುಪಿದಿರಾದರೆ ಅಧ್ಯಾಯ ತನ್ನ ಕೆಲಸ ಮಾಡಿದೆ.

ತಡವರಿಸಿದರೆ ಆ ಪುಟಕ್ಕೆ ಮರಳಿ. ಉತ್ತರ ಅಲ್ಲೇ ಇದ್ದರೆ ನಿಧಾನವಾಗಿ ಇನ್ನೊಮ್ಮೆ ಓದಿ. "ಗುರುತ್ವದ ಪರಿಣಾಮವಾಗಿ" ಎಂಬಂಥ ಹೆಸರು ಮಾತ್ರ ಇದ್ದು ಕಾರಣ ಇಲ್ಲದಿದ್ದರೆ ಕೊರತೆ ಪುಸ್ತಕದ್ದು. ಆ ಪುಟಕ್ಕೊಂದು ಚೀಟಿ ಇಟ್ಟು, ಅದೊಂದು ವಿಷಯಕ್ಕೆ ಗ್ರಂಥಾಲಯದಲ್ಲಿ ಬೇರೆ ಪುಸ್ತಕ ತೆಗೆದು ನೋಡಿ.