ಮಗ 102 ಸೆಂಟಿಮೀಟರ್ ಆಗುವ ತನಕ ಕಾದು ಹೋದ ಪ್ರವಾಸ

ನಮ್ಮ ಅಡುಗೆಮನೆ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್ ಗೆರೆಗಳಿವೆ. ಎಡಗಡೆ ಮಗಳದು, ಬಲಗಡೆ ಮಗನದು. ಪಕ್ಕದಲ್ಲಿ ತಾರೀಖು. ನಮ್ಮ ಸಿಂಗಪುರ ಪ್ರವಾಸ ಶುರುವಾಗಿದ್ದು ಆ ಗೆರೆಗಳಿಂದಲೇ. ಪಾಸ್‌ಪೋರ್ಟ್, ಟಿಕೆಟ್ ಎಲ್ಲ ಆಮೇಲೆ.

ನಾನು ದಾವಣಗೆರೆಯಲ್ಲಿ ಮನೆಯಲ್ಲೇ ಬ್ಲೌಸು, ಮಕ್ಕಳ ಫ್ರಾಕು ಹೊಲಿಯುತ್ತೇನೆ. ನಮ್ಮ ಯಜಮಾನರದು ಚೌಕಿಪೇಟೆಯಲ್ಲಿ ಸಣ್ಣ ಅಂಗಡಿ. ಎಂಟು ವರ್ಷದ ಮಗಳು, ನಾಲ್ಕು ದಾಟಿದ ಮಗ, ಅರವತ್ತೇಳರ ಅತ್ತೆ. ಮೂರು ವರ್ಷ ಚೀಟಿ ಕಟ್ಟಿ ದುಡ್ಡು ಕೂಡಿಸಿದ್ದೆವು. ಹೋದರೆ ಐದೂ ಜನ ಹೋಗೋದು, ಅತ್ತೆಯನ್ನು ಬಿಟ್ಟು ಹೋಗೋದಿಲ್ಲ ಅಂತ ಮೊದಲೇ ಮಾತಾಡಿಕೊಂಡಿದ್ದೆವು.

ಹೋಗಬೇಕಿದ್ದದ್ದು ಅಲ್ಲಿನ ಸೆಂಟೋಸಾ ದ್ವೀಪದ ಯೂನಿವರ್ಸಲ್ ಸ್ಟುಡಿಯೋಸ್‌ಗೆ, ಸಿನಿಮಾಗಳ ಹೆಸರಿನ ಆಟಗಳಿರುವ ದೊಡ್ಡ ಪಾರ್ಕಿಗೆ. ಅಲ್ಲಿ 2025ರ ಫೆಬ್ರವರಿಯಲ್ಲಿ ಮಿನಿಯನ್ ಲ್ಯಾಂಡ್ ಅಂತ, ಕಾರ್ಟೂನ್ ಸಿನಿಮಾದ ಹಳದಿ ಮಿನಿಯನ್‌ಗಳ ಹೊಸ ಭಾಗ ತೆರೆಯುತ್ತೆ ಅಂತ ಗೊತ್ತಾದ ಮೇಲೆ ಮಕ್ಕಳ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ.

ನನ್ನ ಹತ್ತಿರ ಬ್ಲೌಸ್ ಹೊಲಿಸುವವರೊಬ್ಬರು ಅದಕ್ಕೆ ಮುಂಚೆಯೇ ಹೋಗಿಬಂದಿದ್ದರು. "ಮೂರು ರೈಡ್‌ಗೆ ಹೋದ್ವಿ ಕಣ್ರೀ. ಮೂರೂ ಕಡೆ ಕೋಲಿಟ್ಟು ಅಳೆದು, ಎತ್ತರ ಸಾಲಲ್ಲ ಅಂತ ನಮ್ಮ ಹುಡುಗನ್ನ ವಾಪಸ್ ಕಳಿಸಿದ್ರು. ಅವನು ಅತ್ತಿದ್ದು ನೋಡಿ ಇಡೀ ದಿನ ಬೇಜಾರು" ಅಂದರು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅಳತೆ ನನ್ನ ಕಸುಬು. ಇನ್ನೂರು ರೂಪಾಯಿ ಬಟ್ಟೆಗೂ ಅಳತೆ ತೆಗೆಯದೆ ಕತ್ತರಿ ಹಾಕಲ್ಲ. ಅಂಥದ್ದರಲ್ಲಿ ಮಕ್ಕಳ ಎತ್ತರ ನೋಡದೆ ಮೂರು ವರ್ಷದ ಚೀಟಿ ದುಡ್ಡು ಹಾಕೋದು ಹೇಗೆ?

ಇನ್ನೊಂದು ಕಾರಣ ಹಳೇದು. ಮಗಳು ಐದು ವರ್ಷದವಳಿದ್ದಾಗ ಒಂದು ಊರಿನ ಜಾತ್ರೆಯಲ್ಲಿ ತಿರುಗುವ ಆಟಕ್ಕೆ ಅವಳ ಜೊತೆ ನಾನೂ ಕೂತಿದ್ದೆ. ಎತ್ತರ ಯಾರೂ ಕೇಳಲಿಲ್ಲ. ಮೇಲಿಂದ ಬರುವ ಕಬ್ಬಿಣದ ಸರಳು ನನ್ನ ತೊಡೆಗೆ ತಾಗಿ ನಿಂತುಬಿಟ್ಟಿತು. ಅವಳ ಕಾಲಿಗೂ ಸರಳಿಗೂ ನಡುವೆ ಒಂದು ಗೇಣು ಸಂದು. ಆಟ ಜೋರಾದಾಗ ಅವಳು ಸೀಟಿನ ಮೇಲೆ ಜಾರಿದಳು. ನಾನು ಅವಳ ಫ್ರಾಕಿನ ಬೆನ್ನನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ನಾನೇ ಹೊಲಿದ ಫ್ರಾಕು, ಹೊಲಿಗೆ ಬಿಡಲಿಲ್ಲ. ಎತ್ತರದ ನಿಯಮ ಮಕ್ಕಳನ್ನು ಸತಾಯಿಸೋಕೆ ಇರೋದಲ್ಲ ಅಂತ ಅವತ್ತು ಅರ್ಥವಾಯಿತು. ಸರಳು, ಬೆಲ್ಟು ಮೈಗೆ ಕೂರಬೇಕು. ಮೈ ಚಿಕ್ಕದಾದರೆ ಹಿಡಿತ ಸಿಗಲ್ಲ.

ಯಾವ ರೈಡ್‌ಗೆ ಎಷ್ಟು ಎತ್ತರ ಬೇಕು ಅಂತ ಪಾರ್ಕಿನವರೇ ಮೊದಲೇ ತಿಳಿಸಿರುತ್ತಾರೆ. ಅದನ್ನು ನನ್ನ ಅಳತೆ ಪುಸ್ತಕದಲ್ಲಿ ಬರೆದುಕೊಂಡೆ. ಹಳಿಗೆ ತೂಗುವ ಸೀಟಿನಲ್ಲಿ ಕೂರಿಸಿ ಓಡಿಸುವ ಕೆನೊಪಿ ಫ್ಲೈಯರ್‌ಗೆ 92 ಸೆಂಟಿಮೀಟರ್. ರೋಬೋಟ್ ಸಿನಿಮಾದ ಟ್ರಾನ್ಸ್‌ಫಾರ್ಮರ್ಸ್ ರೈಡ್‌ಗೆ 102, ಅದೂ 122 ಆಗುವ ತನಕ ದೊಡ್ಡವರು ಜೊತೆಗಿರಬೇಕು. ನೀರಲ್ಲಿ ತೇಲಿಕೊಂಡು ಹೋಗುವ ಜುರಾಸಿಕ್ ಪಾರ್ಕ್ ರೈಡ್‌ಗೆ 107. ಕತ್ತಲಲ್ಲಿ ಓಡುವ ಮಮ್ಮಿ ರೈಡ್‌ಗೆ 122. ಎಲ್ಲಕ್ಕಿಂತ ದೊಡ್ಡ ರೋಲರ್ ಕೋಸ್ಟರ್ ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾಗೆ 125. ನನ್ನ ಇಂಚಿನ ಲೆಕ್ಕದಲ್ಲಿ 102 ಅಂದರೆ ನಲವತ್ತಕ್ಕಿಂತ ಚೂರು ಜಾಸ್ತಿ, 122 ಅಂದರೆ ನಲವತ್ತೆಂಟು, ಅಂದರೆ ನಾಲ್ಕು ಅಡಿ. ಇದು ನಾವು ಹೋದಾಗಿನ ಮಾತು. ನೀವು ಹೋಗುವ ಮುಂಚೆ ಇನ್ನೊಂದು ಸಲ ನೋಡಿಕೊಳ್ಳಿ.

ಅಳೆಯುವುದಕ್ಕೂ ಒಂದು ಕ್ರಮ ಇದೆ. ಹೊಲಿಗೆ ಟೇಪು ಬೇಡ. ವರ್ಷಗಟ್ಟಲೆ ಎಳೆದೂ ಎಳೆದೂ ಅದು ಹಿಗ್ಗಿರುತ್ತೆ. ನನ್ನ ಹಳೇ ಟೇಪನ್ನು ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟು ನೋಡಿದಾಗ ವ್ಯತ್ಯಾಸ ಕಣ್ಣಿಗೇ ಕಂಡಿತು. ಬಡಗಿಗಳು ಇಟ್ಟುಕೊಳ್ಳುವ ಸ್ಟೀಲ್ ಟೇಪೇ ಸರಿ. ಚಪ್ಪಲಿ ತೆಗೆಸಿ, ಹಿಮ್ಮಡಿ ಗೋಡೆಗೆ ತಾಗಿಸಿ ನಿಲ್ಲಿಸಬೇಕು. ಗಲ್ಲ ಎತ್ತಬಾರದು, ಕಣ್ಣು ನೇರ ಇರಬೇಕು. ತಲೆ ಮೇಲೆ ದಪ್ಪ ರಟ್ಟಿನ ಪುಸ್ತಕ ಮಟ್ಟವಾಗಿ ಇಟ್ಟು ಅದರ ಕೆಳಗೆ ಗೆರೆ ಎಳೆಯಬೇಕು. ಹೆಣ್ಣುಮಕ್ಕಳಾದರೆ ಜುಟ್ಟು ಬಿಚ್ಚಿಸಿ. ಇನ್ನೊಂದು ವಿಷಯ, ಬೆಳಗ್ಗೆ ಎದ್ದಾಗ ಇರುವ ಎತ್ತರ ಸಂಜೆಗೆ ಇರಲ್ಲ, ಚೂರು ಕುಗ್ಗುತ್ತೆ. ಅದಕ್ಕೆ ನಾನು ಸಂಜೆಯೇ ಅಳೆದೆ. ಸಂಜೆ ಅಳತೆಯಲ್ಲಿ ಪಾಸಾದರೆ ದಿನವಿಡೀ ಪಾಸು.

2024ರ ಡಿಸೆಂಬರ್‌ನಲ್ಲಿ ಮಗ 99 ಮತ್ತು ಅರ್ಧ, ಮಗಳು 121. ಜನವರಿಯಲ್ಲಿ ಟಿಕೆಟ್ ಅಗ್ಗ ಇದೆ, ಆಗಲೇ ಹೋಗಿಬರೋಣ ಅಂತ ಇವರು. ಬೇಡ ಅಂದೆ. ಜನವರಿಯಲ್ಲಿ ಹೋಗಿದ್ದರೆ ಮಗನಿಗೆ ಟ್ರಾನ್ಸ್‌ಫಾರ್ಮರ್ಸ್ ಇಲ್ಲ, ಮಗಳಿಗೆ ಮಮ್ಮಿ ಇಲ್ಲ. ಈ ವಯಸ್ಸಿನ ಮಕ್ಕಳು ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯುತ್ತಾರೆ. ಬೇಸಿಗೆ ರಜೆ ತನಕ ಕಾದರೆ ಇಬ್ಬರೂ ದಾಟುತ್ತಾರೆ. ಜೂನ್‌ನಲ್ಲಿ ಸಿಂಗಪುರದ ಶಾಲೆಗಳಿಗೆ ರಜೆ, ಜನ ಜಾಸ್ತಿ. ಹಾಗಾಗಿ ಮೇ ಮೂರನೇ ವಾರ, ಅದರಲ್ಲೂ ವಾರದ ನಡುವಿನ ದಿನ ಅಂತ ಗೊತ್ತುಮಾಡಿದೆವು. "ಶೂ ಒಳಗೆ ದಪ್ಪ ಅಟ್ಟೆ ಹಾಕಿಸಿ, ಯಾರು ನೋಡ್ತಾರೆ" ಅಂತ ಒಬ್ಬಿಬ್ಬರು ಹೇಳಿದರು. ಜಾತ್ರೆಯ ಆ ಗೇಣು ಸಂದು ನೋಡಿದವಳು ನಾನು. ಅಟ್ಟೆ ಹಾಕಿದರೆ ಕೋಲಿಗೆ ತಲೆ ತಾಗುತ್ತೆ, ಸರಳಿಗೆ ತೊಡೆ ತಾಗಲ್ಲ. ದಯವಿಟ್ಟು ಹಾಗೆ ಮಾಡಬೇಡಿ.

ಪಾಸ್‌ಪೋರ್ಟ್‌ಗೆ ಬೆಂಗಳೂರಿಗೆ ಹೋಗಬೇಕಿಲ್ಲ, ನಮ್ಮೂರ ಅಂಚೆ ಕಚೇರಿಯಲ್ಲೇ ಸೇವಾ ಕೇಂದ್ರ ಇದೆ. ಮಕ್ಕಳದಕ್ಕೆ ಅಪ್ಪ ಅಮ್ಮ ಇಬ್ಬರ ಸಹಿಯ ಘೋಷಣೆ ಬೇಕು, ಅವಧಿ ಐದೇ ವರ್ಷ. ತೊಡಕಾಗಿದ್ದು ಅತ್ತೆಯದು. ಆಧಾರ್‌ನಲ್ಲಿ ಅವರ ಹೆಸರಿನ ಹಿಂದೆ ಬರೀ ಇನಿಷಿಯಲ್ ಇತ್ತು. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯಲ್ಲ, ಬಿಡಿಸಿ ಬರೆಯಬೇಕು. ಮೊದಲು ಆಧಾರ್ ತಿದ್ದುಪಡಿ, ಆಮೇಲೆ ಅರ್ಜಿ. ನಮ್ಮ ಕಡೆ ಅರ್ಧಕ್ಕರ್ಧ ಜನರ ಹೆಸರು ಹೀಗೇ ಇರುತ್ತೆ ಅಲ್ವಾ, ಆದ್ದರಿಂದ ನಾಲ್ಕು ತಿಂಗಳು ಮುಂಚೆ ಶುರು ಮಾಡಿ. ವೀಸಾ ಏಜೆಂಟರ ಮೂಲಕ ಆಯಿತು, ಕಾಗದದಲ್ಲೇ ಬಂತು. ಸಿಂಗಪುರ ಮುಟ್ಟುವ ದಿನವೂ ಸೇರಿ ಮುಂಚಿನ ಮೂರು ದಿನದೊಳಗೆ ಅರೈವಲ್ ಕಾರ್ಡ್ ಅಂತ ಒಂದು ಫಾರ್ಮ್ ಆನ್‌ಲೈನ್‌ನಲ್ಲಿ ತುಂಬಬೇಕು. ಅದು ಪೂರ್ತಿ ಉಚಿತ. ಅದಕ್ಕೆ ದುಡ್ಡು ಕೇಳುವ ಕಡೆ ಹೋಗಬೇಡಿ.

ಬಟ್ಟೆ ವಿಷಯ ಮಾತ್ರ ನಾನು ಯಾರನ್ನೂ ಕೇಳಲಿಲ್ಲ. ನಮ್ಮೂರ ಬೇಸಿಗೆ ಚರ್ಮ ಸುಡುತ್ತೆ, ನೆರಳಿಗೆ ಬಂದರೆ ಮುಗಿಯಿತು. ಸಿಂಗಪುರ ಭೂಮಧ್ಯರೇಖೆ ಪಕ್ಕದಲ್ಲಿದೆ. ಅಲ್ಲಿ ನೆರಳಲ್ಲೂ ಬೆವರು ಇಳಿಯುತ್ತೆ, ಯಾವಾಗ ಬೇಕಾದರೂ ಮಳೆ. ಜೀನ್ಸ್ ಒಮ್ಮೆ ನೆಂದರೆ ಒಣಗಲ್ಲ, ತೊಡೆ ಸಂದಿ ಉಜ್ಜಿ ಉರಿಯುತ್ತೆ. ಮಕ್ಕಳಿಗೆ ತೆಳು ಕಾಟನ್‌ನಲ್ಲಿ ಸಡಿಲ ಚಡ್ಡಿ, ತೋಳಿಲ್ಲದ ಅಂಗಿ ಹೊಲಿದೆ. ಅತ್ತೆ ಸೀರೆ ಬಿಡಲ್ಲ ಅಂದರು, ಬಿಡೋದೂ ಬೇಡ. ಅವರ ಲಂಗದ ಒಳಗೆ, ಸೊಂಟದ ಪಟ್ಟಿಗೆ ಹೊಂದಿಸಿ, ಪಾಸ್‌ಪೋರ್ಟ್ ಅಳತೆಯ ಒಂದು ಜೇಬು ಹಾಕಿದೆ. ಬಾಯಿಗೆ ಜಿಪ್ಪು. ಸೀರೆಯನ್ನು ಎರಡು ಬೆರಳು ಮೇಲೆ ಉಡಿಸಿ, ಸೆರಗನ್ನು ಹಿಂದಿನಿಂದ ತಂದು ಸೊಂಟಕ್ಕೆ ಪಿನ್ ಮಾಡಿದೆ. ಎಸ್ಕಲೇಟರ್‌ಗೆ ಅಂಚು ಸಿಗಬಾರದು ಅಂತ. ಮಾವ ಇಲ್ಲಿನ ಕಾಟನ್ ಮಿಲ್‌ನಲ್ಲಿ ದುಡಿದವರು. ಬಟ್ಟೆ ಕೈಯಲ್ಲಿ ಹಿಡಿದು ನೋಡಿ "ಇದು ಬೆವರು ಕುಡಿಯುತ್ತೆ, ನಿಮ್ಮ ಮಾವ ಇದ್ದಿದ್ದರೆ ಇದನ್ನೇ ಆರಿಸ್ತಿದ್ದರು" ಅಂದರು ಅತ್ತೆ.

ರಾತ್ರಿ ಊಟ ಮುಗಿಸಿ ಕಾರಿನಲ್ಲಿ ಹೊರಟೆವು. ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು. ಬೆಂಗಳೂರು ಊರೊಳಗೆ ಹೋಗಲಿಲ್ಲ. ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಮುಟ್ಟಿದೆವು. ವಿಮಾನ ನಾಲ್ಕೂವರೆ ಗಂಟೆ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ, ಮಕ್ಕಳ ನಿದ್ದೆ ಅದರ ಮೇಲೆ ಲೆಕ್ಕ ಹಾಕಿ.

ಏಜೆಂಟರು ಕೊಟ್ಟ ಪ್ಯಾಕೇಜಿನಲ್ಲಿ ದಿನಕ್ಕೆ ಮೂರು ಮೂರು ಜಾಗ ಇತ್ತು. ಅತ್ತೆ ಮಂಡಿಗೆ ಅದು ಆಗಲ್ಲ. ನಾವೇ ಫ್ಯಾರರ್ ಪಾರ್ಕ್ ಮೆಟ್ರೋ ಸ್ಟೇಷನ್ ಹತ್ತಿರ ರೂಮು ಮಾಡಿದೆವು. ಇದು ನಾವು ಮಾಡಿದ ಒಳ್ಳೇ ಕೆಲಸಗಳಲ್ಲಿ ಒಂದು. ಅಲ್ಲಿಂದ ಅದೇ ರೈಲು ನೇರ ಹಾರ್ಬರ್‌ಫ್ರಂಟ್‌ಗೆ ಹೋಗುತ್ತೆ, ಎಲ್ಲೂ ಬದಲಾಯಿಸಬೇಕಿಲ್ಲ. ಅಲ್ಲಿ ವಿವೋಸಿಟಿ ಮಾಲ್‌ನ ಮೂರನೇ ಮಹಡಿಯಿಂದ ಸೆಂಟೋಸಾಕ್ಕೆ ಮೋನೊರೈಲು. ಹೋಗುವಾಗ ತಲೆಗೆ 4 ಸಿಂಗಪುರ ಡಾಲರ್, ಬರುವಾಗ ಉಚಿತ. ಆಗ ಒಂದು ಡಾಲರ್‌ಗೆ ಸುಮಾರು 65 ರೂಪಾಯಿ. ಮೆಟ್ರೋಗೆ ಡ್ರೈವರ್ ಇಲ್ಲ, ತಾನೇ ಓಡುತ್ತೆ. ಮಗ ಮುಂದಿನ ಗಾಜಿಗೆ ಮೂಗು ಒತ್ತಿ ಸುರಂಗ ನೋಡುತ್ತಾ ನಿಂತಿದ್ದ. ರೈಲಿನಲ್ಲಿ ಏನೂ ತಿನ್ನುವಂತಿಲ್ಲ, ನೀರೂ ಕುಡಿಯುವಂತಿಲ್ಲ, ದಂಡ ಇದೆ. ಮಕ್ಕಳಿಗೆ ಇಳಿದ ಮೇಲೆ ಕೊಡಿ.

ಊಟಕ್ಕೆ ನಾವು ಕಷ್ಟಪಡಲಿಲ್ಲ. ಬೆಂಗಳೂರಿನಲ್ಲಿ 1924ರಲ್ಲಿ ಶುರುವಾದ ಎಂ.ಟಿ.ಆರ್. ಹೋಟೆಲಿನ ಶಾಖೆ ಸೆರಂಗೂನ್ ರಸ್ತೆಯಲ್ಲಿ, ಪೆರುಮಾಳ್ ದೇವಸ್ಥಾನದ ಎದುರೇ ಇದೆ. ಹಿಂದಿನ ಸಂಜೆ ಅಲ್ಲಿ ದೋಸೆ ತಿಂದೆವು. ಪಾರ್ಕಿಗೆ ಹೋಗುವ ಬೆಳಗ್ಗೆ ರೂಮಿನಲ್ಲೇ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು. ಹೊರಗಿನ ತಿಂಡಿ ಪಾರ್ಕಿನ ಒಳಗೆ ಬಿಡಲ್ಲ, ಆದ್ದರಿಂದ ಹೊಟ್ಟೆ ತುಂಬಿಸಿಕೊಂಡೇ ಹೊರಟೆವು. ನೀರಿನ ಬಾಟಲಿ ಮಾತ್ರ ತಪ್ಪದೆ ಒಯ್ಯಿರಿ.

ಬಾಗಿಲು ತೆಗೆಯುವ ಮುಂಚೆಯೇ ದೊಡ್ಡ ತಿರುಗುವ ಭೂಗೋಳದ ಹತ್ತಿರ ಇದ್ದೆವು. ಎಲ್ಲರೂ ಅಲ್ಲಿ ಫೋಟೋಕ್ಕೆ ನಿಂತರು. ನಾವು ಫೋಟೋ ಸಂಜೆಗೆ ಇಟ್ಟುಕೊಂಡು ಸೀದಾ ಟ್ರಾನ್ಸ್‌ಫಾರ್ಮರ್ಸ್‌ಗೆ ಹೋದೆವು. ಹೊರಡುವ ಹಿಂದಿನ ಸಂಜೆ ಅಳೆದಾಗ ಮಗ 102ರ ಮೇಲೆ ಎರಡು ಗೆರೆ ಇದ್ದ. ಅಷ್ಟೇ. ಬಾಗಿಲಲ್ಲಿ ನಿಂತ ಹುಡುಗಿ ನಗುತ್ತಲೇ ಅಳತೆ ಕೋಲು ತಂದಳು. ಮಗ ಮನೆಯಲ್ಲಿ ಅಭ್ಯಾಸವಾದ ಹಾಗೆ ತಾನೇ ಹಿಮ್ಮಡಿ ಸೇರಿಸಿದ, ಗಲ್ಲ ಇಳಿಸಿದ, ಕಣ್ಣು ನೇರ ಇಟ್ಟ, ಉಸಿರು ಕಟ್ಟಿದ. ಕೋಲು ತಲೆ ಮೇಲಿನ ಕೂದಲಿಗೆ ತಾಗಿತು. ಅವಳು ಬಗ್ಗಿ ನೋಡಿದಳು. ಇನ್ನೊಮ್ಮೆ ಬಗ್ಗಿದಳು. ಹೆಬ್ಬೆರಳು ಎತ್ತಿದಳು. ಅವನು ಆಗ ಬಿಟ್ಟ ಉಸಿರು ನನಗೆ ಈಗಲೂ ಕೇಳಿಸುತ್ತೆ. ಒಳಗೆ ಸರಳು ಇಳಿದಾಗ ನಾನು ಮೊದಲು ನೋಡಿದ್ದು ಅವನ ತೊಡೆಯನ್ನು. ಸರಿಯಾಗಿ ಕೂತಿತ್ತು.

ಮಮ್ಮಿ ರೈಡ್‌ಗೆ ಮಗಳು, ಅವಳ ಅಪ್ಪ ಹೋದರು. ಮಗಳು ಆಗ 123 ಮತ್ತು ಅರ್ಧ. ಬ್ಯಾಗನ್ನು ಲಾಕರ್‌ನಲ್ಲಿ ಇಡಲೇಬೇಕು. ಬ್ಯಾಟಲ್‌ಸ್ಟಾರ್ ಇಲ್ಲ ಅಂತ ದಾವಣಗೆರೆಯಲ್ಲೇ ಅವಳಿಗೆ ಹೇಳಿದ್ದೆ. ಅದಕ್ಕೆ ಅಲ್ಲಿ ಅಳಲಿಲ್ಲ. ಅಪ್ಪ ಒಬ್ಬರೇ ಬರುವವರ ಬೇರೆ ಕ್ಯೂನಲ್ಲಿ ಬೇಗ ಹೋಗಿಬಂದರು. ಅವಳು ಕೆಳಗೆ ನಿಂತು ಆ ಹಳಿಗಳನ್ನೇ ತಲೆಯೆತ್ತಿ ನೋಡಿದಳು. ಸುಮಾರು 42 ಮೀಟರ್ ಎತ್ತರ.

ಅತ್ತೆ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆಯಲ್ಲಿ ತೊಟ್ಟಿಲು ನೋಡಿದವರು, ಕೂತವರಲ್ಲ. ಇಲ್ಲಿ ಸೆಸಮಿ ಸ್ಟ್ರೀಟ್ ರೈಡ್‌ನಲ್ಲಿ ಮೊಮ್ಮಗನ ಜೊತೆ ಕೂತರು. ಮೆಲ್ಲಗೆ ಹೋಗುವ ಆಟ ಅದು, ವಯಸ್ಸಾದವರಿಗೆ ಹಿತ. ಇಳಿದವರೇ "ಇನ್ನೊಂದ್ಸಲ ಹೋಗ್ಬಹುದೇನಮ್ಮ?" ಅಂದರು. ಹೋದರು. ಮಧ್ಯಾಹ್ನ ಮಿಂಚು, ಮಳೆ. ಬಯಲಲ್ಲಿರುವ ರೈಡ್‌ಗಳನ್ನು ಆಗ ನಿಲ್ಲಿಸಿಬಿಡುತ್ತಾರೆ. ಹೊರಗಿನವನ್ನು ಬೆಳಗ್ಗೆಯೇ ಮುಗಿಸಿ, ಸೂರಿನ ಒಳಗಿನವನ್ನು ಮಧ್ಯಾಹ್ನಕ್ಕೆ ಇಟ್ಟುಕೊಂಡರೆ ದಿನ ಹಾಳಾಗಲ್ಲ. ನಾವು ಕೆನೊಪಿ ಫ್ಲೈಯರ್ ಅನ್ನು ಮಳೆಗೆ ಕಳೆದುಕೊಂಡೆವು. ಸಂಜೆ ನಾಲ್ಕೂವರೆಗೆ ಮತ್ತೆ ಶುರುವಾದಾಗ ಮಗ ನನ್ನ ಹೆಗಲ ಮೇಲೆ ನಿದ್ದೆ. ಎಬ್ಬಿಸಲಿಲ್ಲ.

ಮಾರನೇ ದಿನ ಎಲ್ಲಿಗೂ ಹೋಗಲಿಲ್ಲ. ಅತ್ತೆ ಬಿಸಿನೀರಲ್ಲಿ ಕಾಲಿಟ್ಟು ಕೂತರು, ಮಕ್ಕಳು ಹನ್ನೊಂದರ ತನಕ ಮಲಗಿದರು. ಐದು ರಾತ್ರಿಗೆ ಎಲ್ಲ ಸೇರಿ ಮೂರು ಲಕ್ಷಕ್ಕೆ ಚೂರು ಕಡಿಮೆ ಆಯಿತು. ಪಾರ್ಕಿನ ಟಿಕೆಟ್ ನಾಲ್ಕು ವರ್ಷದೊಳಗಿನವರಿಗೆ ಬೇಕಿಲ್ಲ, ಹನ್ನೆರಡರ ತನಕ ಮಕ್ಕಳ ದರ, ಅರವತ್ತು ದಾಟಿದವರಿಗೆ ಇನ್ನೂ ಕಡಿಮೆ. ಅತ್ತೆಯ ಟಿಕೆಟೇ ಎಲ್ಲಕ್ಕಿಂತ ಅಗ್ಗವಾಗಿದ್ದು.

ಮನೆಗೆ ಬಂದ ದಿನ ಮಗಳು ಬ್ಯಾಗು ಇಳಿಸುವ ಮುಂಚೆ ನನ್ನ ಮಾರ್ಕಿಂಗ್ ಚಾಕ್ ತಗೊಂಡಳು. ಸ್ಟೀಲ್ ಟೇಪು ಹಿಡಿದು ಚೌಕಟ್ಟಿನ ಮೇಲೆ 125ಕ್ಕೆ ಒಂದು ಗೆರೆ ಎಳೆದಳು. ತಮ್ಮನಿಗೆ 107ಕ್ಕೆ ಇನ್ನೊಂದು. ಆಮೇಲೆ ಅಜ್ಜಿಯನ್ನು ಕರೆದು, ಹಿಮ್ಮಡಿ ಗೋಡೆಗೆ ತಾಗಿಸಿ ನಿಲ್ಲಿಸಿ, ತಲೆ ಮೇಲೆ ಪುಸ್ತಕ ಇಟ್ಟಳು.