ಗುಂಪು ಪಾಠಕ್ಕೆ, ಮಗುವಿಗಲ್ಲ

ಕಡಿಮೆ ಆದಾಯದ ಮನೆಯ ಪ್ರತಿಭಾವಂತ ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡುವ ವಿದ್ಯಾರ್ಥಿವೇತನದ ಪರೀಕ್ಷೆ, ಎನ್‌ಎಂಎಂಎಸ್, ಹತ್ತಿರ ಬಂತೆಂದರೆ, ಎಂಟನೇ ಕ್ಲಾಸಿನ ಚುರುಕು ಮಕ್ಕಳನ್ನಷ್ಟೇ ಆರಿಸಿ ಬೇರೆ ಕೂರಿಸಿ ಅನ್ನುವವರು ಜಾಸ್ತಿ. ನಾನು ಪೀಣ್ಯದ ಕಡೆ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಆಯ್ಕೆಯಾದವರಿಗೆ ಒಂಬತ್ತನೇ ತರಗತಿಯಿಂದ ಪಿಯುಸಿ ಮುಗಿಯುವವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಗಾರ್ಮೆಂಟ್ಸ್‌ಗೆ ಹೋಗುವ ತಾಯಿಗೆ ಅದು ಸಣ್ಣ ದುಡ್ಡಲ್ಲ. ಏಳನೇ ತರಗತಿಯಲ್ಲಿ 55% ಬಂದಿರುವ ಮಗು ಪರೀಕ್ಷೆ ಬರೆಯಬಹುದು ಎಂದು ಸರ್ಕಾರವೇ ಹೇಳಿರುವಾಗ ಬೇಡ ಅನ್ನಲು ನಾನ್ಯಾರು?

ಹಾಗಂತ ಎಲ್ಲರಿಗೂ ಸುಮ್ನೆ ಒಂದೇ ಪಾಠ ಮಾಡಿದರೂ ಆಗುವುದಿಲ್ಲ. ಪಾಠ ಶುರುವಾಗುವ ಮುಂಚೆ ಒಂದು ಚೀಟಿಯಲ್ಲಿ ಹತ್ತು ಲೆಕ್ಕ ಕೊಡುತ್ತೇನೆ. ಅಂಕ ಹಾಕುವುದಿಲ್ಲ, ತಪ್ಪು ಯಾವ ಬಗೆಯದು ಅಂತ ನೋಡುತ್ತೇನೆ. 1/2 ಮತ್ತು 1/3 ಕೂಡಿಸಿ ಅಂದರೆ 2/5 ಬರೆಯುವವರು ಒಂದು ಗುಂಪು. ದಾರಿ ಗೊತ್ತಿದ್ದೂ ಲ.ಸಾ.ಅ. ತಪ್ಪುವವರು ಇನ್ನೊಂದು. ಇಬ್ಬರ ಉತ್ತರವೂ ತಪ್ಪೇ, ಆದರೆ ಬೇಕಾದ ಪಾಠ ಬೇರೆ. ಮೊದಲನೆಯವರಿಗೆ ಕಾಗದದ ಪಟ್ಟಿ ಮಡಿಸಿ ತೋರಿಸಬೇಕು. ಎರಡನೆಯವರಿಗೆ ಮಗ್ಗಿ ಗಟ್ಟಿ ಮಾಡಿಸಿದರೆ ಸಾಕು. ಭಿನ್ನರಾಶಿ ಮುಗಿದ ದಿನ ಆ ಗುಂಪೂ ಮುಗಿಯಿತು.

ಗುಂಪು ಹೀಗೆ ಬದಲಾಗುತ್ತಿದ್ದರೆ ಮಕ್ಕಳಿಗೆ ಹಣೆಪಟ್ಟಿ ಅಂಟುವುದಿಲ್ಲ. ಭಿನ್ನರಾಶಿಯಲ್ಲಿ ಹಿಂದಿದ್ದ ಒಬ್ಬ ಹುಡುಗಿ ಕನ್ನಡಿ ಬಿಂಬದ ಪ್ರಶ್ನೆಗಳನ್ನು ಎಲ್ಲರಿಗಿಂತ ಬೇಗ ಬಿಡಿಸುತ್ತಿದ್ದಳು. ಆ ವಾರ ಉಳಿದವರಿಗೆ ಅವಳೇ ಹೇಳಿಕೊಟ್ಟಳು.

ನನಗೆ ಹೆಚ್ಚು ಕಲಿಸಿದ್ದು ವಾಕ್ಯರೂಪದ ಲೆಕ್ಕಗಳು. ನಮ್ಮಲ್ಲಿ ಮನೆಯಲ್ಲಿ ಉರ್ದು, ತೆಲುಗು ಮಾತನಾಡುವ ಮಕ್ಕಳು ಬಹಳ. ಅವರಲ್ಲಿ ಕೆಲವರು ಲೆಕ್ಕವನ್ನು ಮುಟ್ಟುತ್ತಲೇ ಇರಲಿಲ್ಲ. ನಾನೇ ಗಟ್ಟಿಯಾಗಿ ಓದಿದರೆ ತಕ್ಷಣ ಉತ್ತರ ಬರುತ್ತಿತ್ತು! ಗಣಿತ ಬರುತ್ತದೆ, ಓದು ನಿಧಾನ, ಅಷ್ಟೇ. ಆದರೆ ಪರೀಕ್ಷೆಯಲ್ಲಿ ಎರಡು ಪತ್ರಿಕೆ, ತಲಾ 90 ನಿಮಿಷಕ್ಕೆ 90 ಪ್ರಶ್ನೆ. ಓದುವುದರಲ್ಲೇ ನಿಮಿಷ ಕಳೆದರೆ ಲೆಕ್ಕ ಮಾಡುವುದು ಯಾವಾಗ, ಅಲ್ವಾ? ಇಂಥವರನ್ನು ದಡ್ಡರ ಸಾಲಿಗೆ ತಳ್ಳುವುದು ದೊಡ್ಡ ಅನ್ಯಾಯ. ಅವರಿಗಾಗಿ ನಮ್ಮ ಕನ್ನಡ ಮೇಡಂ ಜೊತೆ ಸೇರಿ ಪ್ರಶ್ನೆ ಓದುವ ಗುಂಪು ಮಾಡಿದೆ. ಅಲ್ಲಿ ಲೆಕ್ಕ ಬಿಡಿಸುವ ಹಾಗಿಲ್ಲ. ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ ಎಂದು ಗೆರೆ ಎಳೆದು ತಮ್ಮ ಮಾತಿನಲ್ಲಿ ಹೇಳಬೇಕು. ಉರ್ದುವಿನಲ್ಲಿ ಹೇಳಿದರೂ ಸರಿ.

ಇನ್ನೊಂದು ಮಾತು, ಇದು ಎಲ್ಲ ಮಕ್ಕಳಿಗೂ ಅನ್ವಯ. ಈ ವಿದ್ಯಾರ್ಥಿವೇತನಕ್ಕೆ ಮನೆಯ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಬಾರದು, ಅದಕ್ಕೆ ಪ್ರಮಾಣಪತ್ರ ಬೇಕು. ಶಾಲೆ ಶುರುವಾದ ತಿಂಗಳಲ್ಲೇ ಪೋಷಕರಿಗೆ ಹೇಳಿಬಿಡಿ. ಕೊನೇ ಗಳಿಗೆಯಲ್ಲಿ ಓಡಾಡಿದರೆ ಅವರ ದಿನದ ಕೂಲಿ ಹೋಗುತ್ತದೆ.